ಎಪಿಎಲ್ ಕಾರ್ಡಿಗೆ 30 ಪರ್ಸೆಂಟ್! ಇದು ಯೋಜನೆಯೋ, ರಾಜಿ ಪಂಚಾಯ್ತಿಯೋ?

ಮಂಡಿಪೇಟೆ ಹುಡುಗ:
ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ. ಹೋದ ತಿಂಗಳು ಅಪ್ಪಾಜಿಗೆ ಎದೆ ನೋವು ಬಂತು. ವಯಸ್ಸು 66. ದಾವಣಗೆರೆಯಲ್ಲೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಟೆಂಟ್ ಹಾಕಬೇಕು ಅಂದರು. ಆಸ್ಪತ್ರೆ ಖರ್ಚಿಗೆ ಸರ್ಕಾರದ 5 ಲಕ್ಷದ ಕಾರ್ಡ್ ಇದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಕೌಂಟರಿನಲ್ಲಿ ಆರೋಗ್ಯ ಮಿತ್ರ, ಅಂದರೆ ಆ ಯೋಜನೆಯ ಕೆಲಸ ನೋಡೋ ಹುಡುಗ, ರೇಷನ್ ಕಾರ್ಡ್ ನಂಬರ್ ಹೊಡೆದ. ಇನ್ನೊಂದು ಸಲ ಹೊಡೆದ. ಆಮೇಲೆ ಸ್ಕ್ರೀನ್ ನನ್ನ ಕಡೆ ತಿರುಗಿಸಿ "ಸಾರ್, ನಿಮ್ಮದು ಎಪಿಎಲ್ ತೋರಿಸ್ತಿದೆ. ಚಿಕಿತ್ಸೆಗೆ ಅಂತ ಕಟ್ಟಿರೋ ಪ್ಯಾಕೇಜ್ ದರದಲ್ಲಿ ಸರ್ಕಾರ ಕೊಡೋದು 30 ಪರ್ಸೆಂಟ್ ಮಾತ್ರ" ಅಂದ.

ನಮ್ಮದು ಮೊದಲು ಬಿಪಿಎಲ್ಲೇ ಇತ್ತು. ಅಂಗಡಿ ಸಾಲಕ್ಕೆ ಬೇಕು ಅಂತ ಬ್ಯಾಂಕಿನವರು ಹೇಳಿದ್ದಕ್ಕೆ ಎರಡು ವರ್ಷ ಐಟಿ ರಿಟರ್ನ್ ಹಾಕಿದ್ದೆ. ಒಂದು ರೂಪಾಯಿ ಟ್ಯಾಕ್ಸ್ ಕಟ್ಟಿಲ್ಲ. ಕಾರ್ಡ್ ಮಾತ್ರ ಎಪಿಎಲ್ ಆಯಿತು.

ಅಪ್ಪಾಜಿ ವೀಲ್‌ಚೇರಿನಲ್ಲಿ ಕೂತು, ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು "ಎಷ್ಟಾಗುತ್ತಂತೆ, ಎಷ್ಟಾಗುತ್ತಂತೆ" ಅಂತ ಕೇಳುತ್ತಲೇ ಇದ್ದರು. "ಕಾರ್ಡಲ್ಲೇ ಆಗುತ್ತೆ, ಸುಮ್ನಿರಿ" ಅಂದೆ. ಕೈಯಿಂದ ಹೋಗಿದ್ದು 87 ಸಾವಿರ. ಅಮ್ಮನ ಬಳೆ ಗಿರವಿಗೆ ಹೋಗಿದೆ. ಅಪ್ಪಾಜಿಗಿನ್ನೂ ಗೊತ್ತಿಲ್ಲ.

ಪಕ್ಕದ ಬೆಡ್ಡಿನವರು ಚನ್ನಗಿರಿ ಕಡೆಯವರು, 6 ಎಕರೆ ಅಡಿಕೆ ತೋಟ. ಬಿಪಿಎಲ್ ಕಾರ್ಡ್. ಬಿಲ್ಲು ಸೊನ್ನೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಒಳ್ಳೆ ಮನುಷ್ಯ, ನಮಗೂ ಎಳನೀರು ತಂದುಕೊಟ್ಟರು. ನನ್ನ ಪ್ರಶ್ನೆ ಇಷ್ಟೇ. ಎಲ್ಲರಿಗೂ ಒಂದೇ ಕಾರ್ಡ್ ಅಂತ ಮಾಡೋಕೆ ಏನು ಕಷ್ಟ? ಯಾವ ಪಕ್ಷ ಬಂದರೂ ಯಾಕೆ ಈ ಅರ್ಧಂಬರ್ಧ ರಾಜಿ?

ಚಳ್ಳಕೆರೆ ಶೇಂಗಾ:
ಎಲ್ಲಾ ಕಳ್ಳರು ಅಣ್ಣ. ಮುಂದಿನ ಪ್ರಶ್ನೆ?

ಕೋಟೆ ಪಕ್ಕದ ಮನೆ:
ಮೊದಲು ಅಪ್ಪಾಜಿ ಹೇಗಿದ್ದಾರೆ ಹೇಳಿ.

ರಾಜಿ ಅಂದಿರಲ್ಲ, ಯೋಜನೆಯ ಹೆಸರು ನೋಡಿದರೇ ಸಾಕು. "ಆಯುಷ್ಮಾನ್ ಭಾರತ ಪ್ರಧಾನ ಮಂತ್ರಿ ಜನಾರೋಗ್ಯ ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ". ಒಂದೇ ಉಸಿರಲ್ಲಿ ಓದಿದರೆ ಶ್ವಾಸಕೋಶ ಗಟ್ಟಿ ಇದೆ ಅಂತ ಅರ್ಥ. 2018ರ ಮಾರ್ಚ್‌ನಲ್ಲಿ ರಾಜ್ಯದವರು ಆರೋಗ್ಯ ಕರ್ನಾಟಕ ಶುರು ಮಾಡಿದರು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಕೇಂದ್ರದವರು ಆಯುಷ್ಮಾನ್ ತಂದರು. ನಮ್ಮದು ಮೇಲೆ, ನಿಮ್ಮದು ಕೆಳಗೆ ಅಂತ ಎಳೆದಾಡಿ, ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಗಂಟು ಹಾಕಿದರು. ಮದುವೆ ಲಗ್ನಪತ್ರಿಕೆಯಲ್ಲಿ ಎರಡೂ ಕಡೆಯ ಅಜ್ಜಂದಿರ ಹೆಸರು ಹಾಕಿಸಿದ ಹಾಗೆ.

ಹರಿಹರದ ಲೆಕ್ಕಿಗ:
ಹೆಸರಿನ ಜಗಳ ಬಿಡಿ, ದುಡ್ಡಿನ ಲೆಕ್ಕ ನೋಡಿ. ಖರ್ಚಿನಲ್ಲಿ ಕೇಂದ್ರ 60, ರಾಜ್ಯ 40 ಪರ್ಸೆಂಟ್ ಅಂತ ಎಲ್ಲರೂ ಹೇಳುತ್ತಾರೆ. ಆ 60 ಬರೋದು 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿ ಪಟ್ಟಿಯಲ್ಲಿ ಇರುವ ಕುಟುಂಬಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥವರು ಸುಮಾರು 62 ಲಕ್ಷ ಕುಟುಂಬ. ನಮ್ಮಲ್ಲಿ ಬಿಪಿಎಲ್ ಕಾರ್ಡ್ ಇರೋರು ಅದಕ್ಕಿಂತ ಎಷ್ಟೋ ಜಾಸ್ತಿ. ಪಟ್ಟಿಯಿಂದ ಹೊರಗಿರೋ ಎಲ್ಲರ ಖರ್ಚೂ ರಾಜ್ಯದ ತಲೆ ಮೇಲೆ. ಹಂಗಾಗಿ ಎಪಿಎಲ್‌ನವರ ಸರದಿ ಬಂದಾಗ ಕೈ ಬಿಗಿ ಹಿಡಿದು 30 ಪರ್ಸೆಂಟ್, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಅಂದರು. ನಿಮ್ಮ ಅಪ್ಪಾಜಿ ಸಿಕ್ಕಿಹಾಕಿಕೊಂಡಿದ್ದು ಆ ಸಂದಿಯಲ್ಲಿ.

ಚಳ್ಳಕೆರೆ ಶೇಂಗಾ:
ಲೆಕ್ಕ ಹೇಳಿದರೆ ಬಳೆ ವಾಪಸ್ ಬರುತ್ತಾ?

ಹರಿಹರದ ಲೆಕ್ಕಿಗ:
ಬರಲ್ಲ. "ಎಲ್ಲಾ ಕಳ್ಳರು" ಅಂದರೂ ಬರಲ್ಲ.

ಸೊಸೈಟಿ ಕಾಕಾ:
ನಾನು 31 ವರ್ಷ ಸಹಕಾರ ಸಂಘದಲ್ಲಿ ಕಾರ್ಯದರ್ಶಿ ಆಗಿದ್ದವನು, ಜಗಳೂರು ಕಡೆ. ನಿಮಗೆಲ್ಲ ಸಹಕಾರ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿ ಮರೆತೇ ಹೋಗಿದೆ. 2003ರಲ್ಲಿ ಶುರುವಾದಾಗ ತಲೆಗೆ ವರ್ಷಕ್ಕೆ 60 ರೂಪಾಯಿ. ಅಂದರೆ ತಿಂಗಳಿಗೆ 5. ಡಾ. ದೇವಿ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಜನ, ಸರ್ಕಾರದ ಸ್ವಲ್ಪ ದುಡ್ಡು. ಆ 60 ರೂಪಾಯಿ ವಸೂಲಿಗೆ ನಾನು ಲೂನಾ ಹತ್ತಿ ಹಳ್ಳಿ ಹಳ್ಳಿ ತಿರುಗಿದ್ದೇನೆ. "ಕಾಯಿಲೆ ಬರದಿದ್ದರೆ ದುಡ್ಡು ವಾಪಸ್ ಕೊಡ್ತೀರಾ" ಅಂತ ಕೇಳೋರು. ಒಬ್ಬ ರೈತ ಕಟ್ಟೋದೇ ಇಲ್ಲ ಅಂತ ಹಟ ಹಿಡಿದ. ಅವನ ಹೆಂಡತಿ ಸೆರಗಿನ ಗಂಟು ಬಿಚ್ಚಿ ಹತ್ತರ ಆರು ನೋಟು ಕೊಟ್ಟಳು. ಮುಂದಿನ ವರ್ಷ ಅವಳಿಗೇ ಗರ್ಭಕೋಶದ ಆಪರೇಷನ್ ಆಯಿತು. ಆಮೇಲೆ ಇಡೀ ಕೇರಿ ಕಟ್ಟಿತು.

ಅದೂ ರಾಜಿಯೇ. ಆಪರೇಷನ್‌ಗೆ ಮಾತ್ರ, ಜ್ವರ, ಸಕ್ಕರೆ ಕಾಯಿಲೆಗೆ ಇಲ್ಲ. ಸಂಘದ ಸದಸ್ಯರಿಗೆ ಮಾತ್ರ, ಕೂಲಿಯವರಿಗೆ ಇಲ್ಲ. 2018ರಲ್ಲಿ ಎಲ್ಲ ಒಂದೇ ಮಾಡುತ್ತೇವೆ ಅಂತ ಅದನ್ನು ನಿಲ್ಲಿಸಿದರು. ರೈತರು ಬೇಕು ಬೇಕು ಅಂದಿದ್ದಕ್ಕೆ ಮತ್ತೆ 2022-23ರಲ್ಲಿ ತಂದರು. ಈಗ ಹಳ್ಳಿಯಲ್ಲಿ 4 ಜನರ ಕುಟುಂಬಕ್ಕೆ 500 ರೂಪಾಯಿ. ತಮ್ಮಾ, ನೀನು ಯಾವುದಾದರೂ ಸಹಕಾರ ಸಂಘದ ಸದಸ್ಯನಾ? ಅದನ್ನು ಮೊದಲು ನೋಡು. ಎಪಿಎಲ್ ಆದರೂ ಅದರಲ್ಲಿ ಸೇರಬಹುದು.

ಮಂಡಿಪೇಟೆ ಹುಡುಗ:
ಕಾಕಾ, ವರ್ತಕರ ಪತ್ತಿನ ಸಂಘದಲ್ಲಿ ಷೇರು ಇದೆ. ಯಾರೂ ಹೇಳಲೇ ಇಲ್ಲ. ಅಪ್ಪಾಜಿ ಈಗ ಆರಾಮ, ಮನೆಯಲ್ಲೇ ಇದ್ದಾರೆ. ಮಂಡಕ್ಕಿ ಮಿರ್ಚಿ ಬಿಡಿಸಿದ್ದಕ್ಕೆ ಮಾತ್ರ ಮುನಿಸು.

ಕೋಟೆ ಪಕ್ಕದ ಮನೆ:
ಮಿರ್ಚಿ ಬಿಡಿಸಿದ್ದು ಸರಿ. ಬೆಣ್ಣೆ ದೋಸೆ?

ಮಂಡಿಪೇಟೆ ಹುಡುಗ:
ಅದರ ಹೆಸರೇ ಎತ್ತಬೇಡಿ. ಅಮ್ಮ ಎಣ್ಣೆ ಸವರಿ ಮಾಡಿಕೊಟ್ಟರೆ "ಇದು ದಾವಣಗೆರೆ ದೋಸೆನಾ, ಬೆಂಗಳೂರು ದೋಸೆನಾ" ಅಂತಾರೆ.

ನಿಟ್ಟುವಳ್ಳಿ ನರ್ಸ್:
ತಮ್ಮಾ, ಒಂದು ಮಾತು. ರೆಫರಲ್ ಲೆಟರ್ ತನ್ನಿ ಅಂತ ನಿಮ್ಮನ್ನು ಓಡಾಡಿಸಿದರಾ? ಮಾಮೂಲಿ ದೊಡ್ಡ ಆಪರೇಷನ್ ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗಲ್ಲ ಅಂದರೆ ಬರೆದುಕೊಡುತ್ತಾರೆ, ಆಮೇಲೆ ಖಾಸಗಿ. ಆದರೆ ಎಮರ್ಜೆನ್ಸಿ ಪಟ್ಟಿಯಲ್ಲಿರೋ ಚಿಕಿತ್ಸೆಗೆ ರೆಫರಲ್ ಬೇಡ. ನೇರ ಸೇರಿಸಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದೂ ಹೇಳದೆ ಇರೋ ಕೌಂಟರುಗಳೂ ಇವೆ. ಯಾರಾದರೂ ಹಾಗೆ ಮಾಡಿದರೆ ಅಲ್ಲೇ ನಿಂತು 104ಕ್ಕೆ ಫೋನ್ ಮಾಡಿ. ಆಸ್ಪತ್ರೆಯವರ ಎದುರಿಗೇ ಮಾಡಿ, ದನಿ ಬದಲಾಗುತ್ತೆ.

ಮಂಡಿಪೇಟೆ ಹುಡುಗ:
ಅಕ್ಕಾ, ಅರ್ಧ ದಿನ ಅದಕ್ಕೇ ಹೋಯಿತು. ಸೀಲು ಹಾಕೋರು ಊಟಕ್ಕೆ ಹೋಗಿದ್ದರು. ಆಸ್ಪತ್ರೆ ಹೆಸರು ಹಾಕಲ್ಲ, ನಾಳೆ ಮತ್ತೆ ಅಲ್ಲಿಗೇ ಚೆಕಪ್‌ಗೆ ಹೋಗಬೇಕು.

20 ಬೆಡ್ ಡಾಕ್ಟ್ರು:
ಎಲ್ಲರೂ ಕೌಂಟರಿನ ಈ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಆ ಕಡೆಯವನು. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಸಣ್ಣ ನರ್ಸಿಂಗ್ ಹೋಂ ಇದೆ. ಪ್ಯಾಕೇಜ್ ಅಂದರೆ ಬೆಡ್ಡು, ಔಷಧಿ, ಆಪರೇಷನ್, ಊಟ, ಎಲ್ಲ ಅದರೊಳಗೆ. ದರ ಬೆಂಗಳೂರಿನಲ್ಲಿ ಕೂತು ಕಟ್ಟುತ್ತಾರೆ. ದುಡ್ಡು ಬರೋದು ಅವರ ಮರ್ಜಿ. ನನ್ನ ಸ್ಟಾಫಿಗೆ ಒಂದನೇ ತಾರೀಖು ಸಂಬಳ ಕೊಡಬೇಕು, ಆಕ್ಸಿಜನ್ ಸಿಲಿಂಡರಿನವನು ಸಾಲ ಕೊಡಲ್ಲ. ದೊಡ್ಡ ಆಸ್ಪತ್ರೆ ತಡೆದುಕೊಳ್ಳುತ್ತೆ, ನಾನು ತಡೆಯಲ್ಲ. ಅದಕ್ಕೇ ಸೇರಲಿಲ್ಲ. "ಎಲ್ಲರಿಗೂ ಉಚಿತ" ಅಂತ ವೇದಿಕೆ ಮೇಲೆ ಹೇಳೋದು ಸುಲಭ. ಆ ಉಚಿತದ ಬಿಲ್ಲು ಯಾರ ಟೇಬಲ್ ಮೇಲೆ ಬೀಳುತ್ತೆ ಅನ್ನೋದರ ಮೇಲೇ ಜಗಳ.

ರಾಜಸ್ಥಾನದಲ್ಲಿ 2023ರ ಮಾರ್ಚ್‌ನಲ್ಲಿ ಆರೋಗ್ಯ ಹಕ್ಕಿನ ಕಾಯ್ದೆ ಪಾಸ್ ಮಾಡಿದರು. ಎಮರ್ಜೆನ್ಸಿ ಬಂದರೆ ದುಡ್ಡು ಕೇಳದೆ ನೋಡಬೇಕು. ಒಳ್ಳೆಯದೇ. ಆದರೆ ದುಡ್ಡು ಯಾರು, ಯಾವಾಗ ಕೊಡುತ್ತಾರೆ ಅನ್ನೋದು ಸ್ಪಷ್ಟ ಇರಲಿಲ್ಲ. ಡಾಕ್ಟರುಗಳು ಬೀದಿಗೆ ಇಳಿದರು. ಏಪ್ರಿಲ್ 4ಕ್ಕೆ ಒಪ್ಪಂದ ಆಯಿತು. 50 ಬೆಡ್‌ಗಿಂತ ಕಡಿಮೆ ಇರೋ ಖಾಸಗಿ ಆಸ್ಪತ್ರೆಗಳನ್ನೂ, ಸರ್ಕಾರದಿಂದ ಜಮೀನು ರಿಯಾಯಿತಿ ಏನೂ ಪಡೆಯದ ಖಾಸಗಿ ಆಸ್ಪತ್ರೆಗಳನ್ನೂ ಹೊರಗಿಟ್ಟರು.

ಗಿರಣಿ ಮೊಮ್ಮಗ:
ಅಂದರೆ ಡಾಕ್ಟ್ರೇ, ಹಕ್ಕು ಅಂತ ಬರೆದು, ಊರಲ್ಲಿರೋ ಹತ್ತಿರದ ಆಸ್ಪತ್ರೆಗಳನ್ನೇ ಅದರಿಂದ ಬಿಟ್ಟುಬಿಟ್ಟರು. ರಾತ್ರಿ 2 ಗಂಟೆಗೆ ಎದೆ ಹಿಡಿದುಕೊಂಡವನು ನಿಮ್ಮ ಬೋರ್ಡ್ ನೋಡಿ ಬೆಡ್ ಎಣಿಸಬೇಕಾ?

20 ಬೆಡ್ ಡಾಕ್ಟ್ರು:
ರಾತ್ರಿ 2 ಗಂಟೆಗೆ ಬಂದವನನ್ನು ನಾನು ಇವತ್ತಿನವರೆಗೆ ವಾಪಸ್ ಕಳಿಸಿಲ್ಲ. ಕಾನೂನು ಬೇರೆ, ಇದು ಬೇರೆ.

ಗಿರಣಿ ಮೊಮ್ಮಗ:
ಸರಿ ಸಾರ್, ಬೇಜಾರಾಗಬೇಡಿ. ನಮ್ಮ ಅಜ್ಜ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಕಾರ್ಮಿಕ ನಾಯಕ ಪಂಪಾಪತಿಯವರು ಕೆಂಪು ಬಾವುಟ ಹಿಡಿದು ಶಾಸಕರಾದ ಊರು ಇದು. ಆಗ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ, ಇತ್ತು. ಅಜ್ಜ ಔಷಧಿಗೆ ಹೋಗುವಾಗ ಮನೆಯಿಂದ ಖಾಲಿ ಗಾಜಿನ ಬಾಟಲಿ ತೊಳೆದು ಒಯ್ಯುತ್ತಿದ್ದರು, ಕಾಂಪೌಂಡರ್ ಅದರಲ್ಲಿ ಕೆಂಪು ಮಿಕ್ಸ್ಚರ್ ಸುರಿದು, ಗೆರೆ ಕತ್ತರಿಸಿದ ಕಾಗದ ಅಂಟಿಸಿ ಕೊಡುತ್ತಿದ್ದ. ಒಂದು ಗೆರೆ ಒಂದು ಡೋಸು. ಆ ಬಾಟಲಿ ಮನೆಯಲ್ಲಿ ಇನ್ನೂ ಇದೆ, ಅಜ್ಜಿ ಅದರಲ್ಲಿ ಹರಳೆಣ್ಣೆ ಇಟ್ಟಿದ್ದಾಳೆ. ಮಿಲ್ಲು ಮುಚ್ಚಿತು, ಇಎಸ್‌ಐ ಹೋಯಿತು. ಕೆಮ್ಮು ಮಾತ್ರ ಅಜ್ಜನ ಜೊತೆಗೇ ಉಳಿಯಿತು.

ನನ್ನದೂ ಅದೇ ಕತೆ. ನನ್ನ ಸಂಬಳ 20,800 ಇತ್ತು, 700 ರೂಪಾಯಿ ಏರಿಸಿದರು. 21 ಸಾವಿರ ದಾಟಿತು, ಇಎಸ್‌ಐ ಇಲ್ಲ. 700 ರೂಪಾಯಿಗೆ ಹೆಂಡತಿ ಮಕ್ಕಳ ಆಸ್ಪತ್ರೆ ಮಾರಿಕೊಂಡ ಹಾಗಾಯಿತು.

ಹರಿಹರದ ಲೆಕ್ಕಿಗ:
ತಿದ್ದುಪಡಿ. ದಾಟಿದ ತಕ್ಷಣ ನಿಲ್ಲಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ವಂತಿಗೆ ಅವಧಿ ಇರುತ್ತೆ. ಆ ಅವಧಿ ಮುಗಿಯೋವರೆಗೆ ಕಡಿತವೂ ಇರುತ್ತೆ, ನಿಮ್ಮಿಂದ 0.75, ಮಾಲೀಕರಿಂದ 3.25 ಪರ್ಸೆಂಟ್. ಆಫೀಸಿನವರು ಮಧ್ಯದಲ್ಲೇ ತೆಗೆದಿದ್ದರೆ ಕೇಳಿ.

ಗಿರಣಿ ಮೊಮ್ಮಗ:
ಮಧ್ಯದಲ್ಲೇ ತೆಗೆದಿದ್ದಾರೆ! ಜುಲೈನಲ್ಲಿ! ನಾಳೆ ಇದೆ ಅವರಿಗೆ.

ನ್ಯೂಜೆರ್ಸಿ ದೋಸೆ:
ಕೆಟಿಜೆ ನಗರದವನು, ಈಗ ಅಮೆರಿಕದಲ್ಲಿದ್ದೇನೆ. ಈ ರಾಜಿ ಜಗಳ ಇಲ್ಲಿ ಇನ್ನೂ ದೊಡ್ಡದು. ಅಧ್ಯಕ್ಷ ಟ್ರೂಮನ್ ಎರಡನೇ ಮಹಾಯುದ್ಧ ಮುಗಿದ ಕೂಡಲೇ ಎಲ್ಲರಿಗೂ ಸರ್ಕಾರಿ ವಿಮೆ ಅಂದರು, ಡಾಕ್ಟರುಗಳ ಸಂಘ ಅಡ್ಡ ನಿಂತಿತು, ಆಗಲಿಲ್ಲ. 1965ರಲ್ಲಿ ಜಾನ್ಸನ್ ಚಿಕ್ಕದು ಮಾಡಿಕೊಂಡು 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಅಂತ ತಂದರು. ಒಬಾಮ ಕಾಲದ ಆರೋಗ್ಯ ವಿಮೆ ಕಾಯ್ದೆಯಲ್ಲಿ ಖಾಸಗಿ ವಿಮೆ ಪಕ್ಕದಲ್ಲೇ ಸರ್ಕಾರದ್ದೂ ಒಂದು ವಿಮೆ ಇರಲಿ, ಬೇಕಾದವರು ಕೊಳ್ಳಲಿ ಅಂತ ಮಾತಿತ್ತು. ಸೆನೆಟ್‌ನಲ್ಲಿ 60 ವೋಟು ಬೇಕು. ಸೆನೆಟರ್ ಜೋ ಲೀಬರ್‌ಮನ್ ಒಬ್ಬರು ಅದಿದ್ದರೆ ನಾನು ಇಲ್ಲ ಅಂದರು. ತೆಗೆದುಹಾಕಿದರು. 2009ರ ಡಿಸೆಂಬರ್ 24ಕ್ಕೆ ಸರಿಯಾಗಿ 60 ವೋಟು ಬಿತ್ತು.

ಬೈಯೋರು ಇವತ್ತಿಗೂ ಬೈಯುತ್ತಾರೆ. ಆದರೆ ಹಳೇ ಕಾಯಿಲೆ ಇದೆ ಅಂತ ವಿಮೆ ಕೊಡದೆ ಇರೋದು 2014ರಿಂದ ನಿಂತಿತು. ನನಗೆ ಸಕ್ಕರೆ ಕಾಯಿಲೆ ಇದೆ. ಕೆಲಸ ಹೋಗಿದ್ದ 5 ತಿಂಗಳು ನಾನು ವಿಮೆ ಕೊಂಡಿದ್ದು ಆ ಅರ್ಧಂಬರ್ಧ ಕಾಯ್ದೆಯಿಂದಲೇ. 1970ರ ದಶಕದಲ್ಲಿ ನಿಕ್ಸನ್ ಮುಂದಿಟ್ಟ ಯೋಜನೆಗೆ ಆಗಲೇ ಒಪ್ಪಬೇಕಿತ್ತು ಅಂತ ಸೆನೆಟರ್ ಟೆಡ್ ಕೆನಡಿ ಆಮೇಲೆ ಕೊರಗಿದ್ದರು. ಪೂರ್ತಿ ಬೇಕು ಅಂತ ಕೂತರೆ ಒಂದು ತಲೆಮಾರು ಹೋಗುತ್ತೆ.

ಚಳ್ಳಕೆರೆ ಶೇಂಗಾ:
ಅಮೆರಿಕ ಯಾಕೆ ಬಂತು ಇಲ್ಲಿ? ಅಲ್ಲಿ ಆಂಬುಲೆನ್ಸ್ ಹತ್ತಿದರೇ ಮನೆ ಮಾರಬೇಕಂತೆ.

ನ್ಯೂಜೆರ್ಸಿ ದೋಸೆ:
ಅದೂ ನಿಜ ಅಣ್ಣ. ಅದಕ್ಕೇ ಹಲ್ಲಿನ ಕೆಲಸ ಎಲ್ಲ ಊರಿಗೆ ಬಂದಾಗ ಮಾಡಿಸೋದು.

ಪೊಲಿಟಿಕಲ್ ಮೇಷ್ಟ್ರು:
ನಾನು ಪಾಠ ಮಾಡೋದು ಇದನ್ನೇ, ಸ್ವಲ್ಪ ಕೊರೆತ ಸಹಿಸಿಕೊಳ್ಳಿ. ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ಆರೋಗ್ಯ ವ್ಯವಸ್ಥೆ ಬಗ್ಗೆ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ಹೇಳಿತ್ತು: ದುಡ್ಡಿಲ್ಲ ಅಂತ ಯಾರಿಗೂ ಚಿಕಿತ್ಸೆ ತಪ್ಪಬಾರದು. ಬ್ರಿಟನ್ನಿನಲ್ಲಿ 1948ರ ಜುಲೈ 5ಕ್ಕೆ ಅದು ಜಾರಿಗೇ ಬಂತು. ಆದರೆ ಅಲ್ಲೂ ಆರೋಗ್ಯ ಮಂತ್ರಿ ಬೆವನ್ ಸುಮ್ನೆ ಗೆಲ್ಲಲಿಲ್ಲ. ದೊಡ್ಡ ಡಾಕ್ಟರುಗಳಿಗೆ ಸರ್ಕಾರಿ ಆಸ್ಪತ್ರೆಯೊಳಗೇ ಖಾಸಗಿ ರೋಗಿಗಳನ್ನು ನೋಡೋಕೆ ಬಿಟ್ಟರು. ಆ ರಾಜಿಗೆ ಒಪ್ಪಿದ ಅದೇ ಮನುಷ್ಯ, 1951ರಲ್ಲಿ ತಮ್ಮದೇ ಸರ್ಕಾರ ಹಲ್ಲು ಸೆಟ್ಟಿಗೂ ಕನ್ನಡಕಕ್ಕೂ ಜನರಿಂದ ದುಡ್ಡು ತಗೊಳ್ಳೋಣ ಅಂದಾಗ ಮಂತ್ರಿ ಪದವಿ ಬಿಟ್ಟು ಎದ್ದು ಹೋದರು. ನನಗೆ ಇಷ್ಟ ಆಗೋದು ಇದೇ. ಡಾಕ್ಟರಿಗೆ ಬಿಟ್ಟುಕೊಟ್ಟರು, ರೋಗಿಯ ಜೇಬಿಗೆ ಕೈ ಹಾಕೋಕೆ ಒಪ್ಪಲಿಲ್ಲ.

ನಮ್ಮಲ್ಲಿ ಉಲ್ಟಾ ನೋಡಿ. ಕೇಂದ್ರ, ರಾಜ್ಯ ಇಬ್ಬರೂ ರಾಜಿಯಾದರು. ಆಸ್ಪತ್ರೆಯವರಿಗೆ ಬೇಕಾದರೆ ಸೇರಿ, ಬೇಡದಿದ್ದರೆ ಬಿಡಿ ಅಂದರು. ಉಳಿದ 70 ಪರ್ಸೆಂಟ್ ಮಾತ್ರ ಮಂಡಿಪೇಟೆ ಹುಡುಗನ ಅಮ್ಮನ ಕೈಯಿಂದ ಬಂತು. ಅವರನ್ನು ಯಾರೂ ಮಾತುಕತೆಗೆ ಕರೆದಿರಲಿಲ್ಲ.

ಇನ್ನೊಂದು. ಸಂವಿಧಾನದಲ್ಲಿ ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿದೆ. ಹಂಗಾಗಿ ದೆಹಲಿಯವರು ಹೇಳಿದ ಮಾತ್ರಕ್ಕೆ ಆಗಲ್ಲ, ಒಪ್ಪಂದ ಬೇಕು. ಆಯುಷ್ಮಾನ್ ಯೋಜನೆಗೆ ಒಡಿಶಾ ಸೇರಿದ್ದು 2025ರ ಜನವರಿಯಲ್ಲಿ, ದೆಹಲಿ ಏಪ್ರಿಲ್‌ನಲ್ಲಿ. ಎರಡೂ ಕಡೆ ಸರ್ಕಾರ ಬದಲಾದ ಮೇಲೆ. ಯಾರಿಗೆ ಕಾರ್ಡ್ ಸಿಗುತ್ತೆ ಅನ್ನೋದು ಕಾಯಿಲೆ ಮೇಲಲ್ಲ, ಚುನಾವಣೆ ಫಲಿತಾಂಶದ ಮೇಲೆ.

ನಿಟ್ಟುವಳ್ಳಿ ನರ್ಸ್:
ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ನಾನು ಕೂತಿದ್ದರೆ ಎಎನ್‌ಎಂ ಬಿಟ್ಟು ಬಿಎ ಮಾಡುತ್ತಿದ್ದೆ.

ಸೊಸೈಟಿ ಕಾಕಾ:
ಅದೆಲ್ಲ ಸರಿ ಮೇಷ್ಟ್ರೇ. ಆದರೆ 60 ರೂಪಾಯಿ ಕಾಲದಲ್ಲಿ ಪೂರ್ತಿ ಕೊಟ್ಟರೆ ಮಾತ್ರ ಅಂತ ನಾನು ಮನೆಯಲ್ಲಿ ಕೂತಿದ್ದರೆ ಆ ಹೆಂಗಸಿನ ಆಪರೇಷನ್ ಆಗುತ್ತಿತ್ತಾ?

ಪೊಲಿಟಿಕಲ್ ಮೇಷ್ಟ್ರು:
ಆಗುತ್ತಿರಲಿಲ್ಲ. ರಾಜಿ ಬೇಡ ಅನ್ನುತ್ತಿಲ್ಲ ಕಾಕಾ. 2018ರಲ್ಲಿ ಬರೆದ 30 ಇಷ್ಟು ವರ್ಷ ಆದರೂ ಯಾಕೆ 30ರಲ್ಲೇ ಕೂತಿದೆ ಅಂತ ಕೇಳುತ್ತಿದ್ದೇನೆ. ಮೊದಲ ಮೆಟ್ಟಿಲು ಅಂತ ಕಟ್ಟಿದ್ದರ ಮೇಲೆ ಅಂಗಡಿ ಇಟ್ಟುಬಿಟ್ಟಿದ್ದಾರೆ.

ಕೋಟೆ ಪಕ್ಕದ ಮನೆ:
ನನಗೆ ಈ ವಿಮೆ ವ್ಯವಹಾರವೇ ಹಿಡಿಸಲ್ಲ. ಖಾಸಗಿಯವರಿಗೆ ಕೊಡೋ ಆ ದುಡ್ಡನ್ನು ತಾಲ್ಲೂಕು ಆಸ್ಪತ್ರೆಗೆ ಹಾಕಿ. ಮೊಳಕಾಲ್ಮುರಿನಿಂದ ಎದೆ ನೋವು ಅಂತ ಹೊರಟವರು ದುರ್ಗಕ್ಕೆ ಬಂದು, ಅಲ್ಲಿಂದ ದಾವಣಗೆರೆಗೆ ಹೋಗಿ ಅನ್ನಿಸಿಕೊಂಡು, ಹೈವೇಯಲ್ಲೇ ಅರ್ಧ ಜೀವ ಕಳೆದುಕೊಳ್ಳುತ್ತಾರೆ. ಜೇಬಲ್ಲಿ 5 ಲಕ್ಷದ ಕಾರ್ಡ್ ಇರುತ್ತೆ. ಕಾರ್ಡ್ ಏನು ಆಂಬುಲೆನ್ಸ್ ಓಡಿಸುತ್ತಾ?

ಚಳ್ಳಕೆರೆ ಶೇಂಗಾ:
ಇದು ಮಾತು ಅಂದರೆ. ಕಳ್ಳರು ಅಂದಿದ್ದು ವಾಪಸ್ ತಗೊಂಡಿಲ್ಲ, ಆದರೂ ಇದು ಮಾತು.

20 ಬೆಡ್ ಡಾಕ್ಟ್ರು:
ನೂರಕ್ಕೆ ನೂರು. ಮತ್ತೆ, ಬಿಪಿ, ಶುಗರ್ ಮಾತ್ರೆ ಈ 5 ಲಕ್ಷದ ಕಾರ್ಡಿನಲ್ಲಿ ಬರಲ್ಲ. ಅಡ್ಮಿಟ್ ಆದರೆ ಮಾತ್ರ ವಿಮೆ. ತಿಂಗಳ ಮಾತ್ರೆಗೆ ದುಡ್ಡಿಲ್ಲದೆ ಬಿಟ್ಟವನೇ ಮುಂದೆ ನಮ್ಮಲ್ಲಿಗೆ ಅಡ್ಮಿಟ್ ಆಗೋಕೆ ಬರೋದು.

ಮಂಡಿಪೇಟೆ ಹುಡುಗ:
ಇದು ನನಗೆ ಈಗ ತಟ್ಟುತ್ತಿದೆ ಡಾಕ್ಟ್ರೇ. ತಿಂಗಳಿಗೆ ಮಾತ್ರೆಗೇ 2,100. ಅಪ್ಪಾಜಿ ರಾತ್ರಿ ಮಾತ್ರೆ ಮುರಿದು ಅರ್ಧ ತಗೊಳ್ಳುತ್ತಿದ್ದರು. ಮೊನ್ನೆ ದಿಂಬಿನ ಕೆಳಗೆ ಅರ್ಧ ಮಾತ್ರೆಗಳು ಸಿಕ್ಕವು, ಕಾಗದದಲ್ಲಿ ಪೊಟ್ಟಣ ಕಟ್ಟಿ ಇಟ್ಟಿದ್ದರು. "ಉಳಿತಾಯ" ಅಂತಾರೆ.

20 ಬೆಡ್ ಡಾಕ್ಟ್ರು:
ಅಯ್ಯೋ, ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡೋ ಮಾತ್ರೆ ಬಿಡಲೇಬಾರದು, ಅರ್ಧವೂ ಮಾಡಬಾರದು! ಸ್ಟೆಂಟ್ ಕಟ್ಟಿಕೊಳ್ಳುತ್ತೆ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ತುಂಬಾ ಕಡಿಮೆಗೆ ಸಿಗುತ್ತೆ. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿ ಹೆಸರು ಬರೆಸಿಕೊಳ್ಳಿ.

ನಿಟ್ಟುವಳ್ಳಿ ನರ್ಸ್:
ಡಿಸ್ಚಾರ್ಜ್ ಆಗಿ 15 ದಿನದವರೆಗಿನ ಔಷಧಿ ಪ್ಯಾಕೇಜಿನಲ್ಲೇ ಸೇರಿರುತ್ತೆ, ಆಯುಷ್ಮಾನ್ ನಿಯಮದಲ್ಲೇ ಇದೆ. ಅದನ್ನೂ ಕೈಯಿಂದ ಕೊಟ್ಟಿದ್ದರೆ ಬಿಲ್ಲು ಇಟ್ಟುಕೊಂಡು ಆರೋಗ್ಯ ಮಿತ್ರನನ್ನು ಕೇಳು. ಎಪಿಎಲ್‌ಗೆ ಎಷ್ಟು ಕೊಡುತ್ತಾರೆ ಅಂತ ಅವನೇ ನೋಡಿ ಹೇಳುತ್ತಾನೆ. ಮತ್ತೆ 70 ತುಂಬಿದವರಿಗೆ ಆದಾಯ ನೋಡದೆ 5 ಲಕ್ಷ ಅಂತ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ತಂದಿದೆ. ಅಪ್ಪಾಜಿಗೆ ಇನ್ನೂ 4 ವರ್ಷ.

ಗಿರಣಿ ಮೊಮ್ಮಗ:
4 ವರ್ಷ ಮಿರ್ಚಿ ತಿನ್ನದೆ ಇರಬೇಕು ಅಂತ ಅವರಿಗೆ ಹೇಳೋರು ಯಾರು!

ಮಂಡಿಪೇಟೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರಿಗೆ ಫೋನ್ ಮಾಡಿದೆ, ಚೆನ್ನಾಗಿ ಬೈಸಿಕೊಂಡೆ. ಮಾತ್ರೆ ಇನ್ನು ಅಮ್ಮನೇ ಕೈಯಾರೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತಾಳಂತೆ. ಕೈ ತುಂಬಾ ಹಸಿರು ಗಾಜಿನ ಬಳೆ ಹಾಕಿಕೊಂಡಿದ್ದಾಳೆ, ಅಪ್ಪಾಜಿಗೆ ಗೊತ್ತಾಗಬಾರದು ಅಂತ. "ಏನು, ಮನೆಯಲ್ಲಿ ಮದುವೆನಾ" ಅಂತ ಅವರು ಕೇಳಿದರಂತೆ.

ನಾಳೆ ಬೆಳಗ್ಗೆ ಚೆಕಪ್ ಮುಗಿಸಿ ಪತ್ತಿನ ಸಂಘಕ್ಕೆ ಹೋಗಿ ಯಶಸ್ವಿನಿ ಕೇಳುತ್ತೇನೆ. ಅಲ್ಲಿಂದ ರೇಷನ್ ಕಾರ್ಡ್ ಆಫೀಸಿಗೆ. ಐಟಿ ರಿಟರ್ನ್ ಹಾಕಿದರೂ ಟ್ಯಾಕ್ಸ್ ಸೊನ್ನೆ ಅಂತ ಕಾಗದ ತೋರಿಸಿ ನೋಡುತ್ತೇನೆ.

ಹರಿಹರದ ಲೆಕ್ಕಿಗ:
ಎರಡು ವರ್ಷದ್ದೂ ಪ್ರಿಂಟ್ ತಗೊಂಡು ಹೋಗಿ. ಆದಾಯ ಪ್ರಮಾಣಪತ್ರ 1.20 ಲಕ್ಷದೊಳಗೆ ಇರಬೇಕು, ಅದನ್ನು ಮೊದಲು ಮಾಡಿಸಿ.

ಸೊಸೈಟಿ ಕಾಕಾ:
ಸಂಘದಲ್ಲಿ ಬರೀ ಷೇರು ಇದ್ದರೆ ಸಾಲಲ್ಲ, ಸದಸ್ಯತ್ವ ಎಷ್ಟು ತಿಂಗಳು ಆಗಿರಬೇಕು, ನೋಂದಣಿ ಯಾವಾಗ ತೆಗೆಯುತ್ತಾರೆ ಅಂತಲೂ ಕೇಳು. ತಾರೀಖು ಮುಗಿದ ಮೇಲೆ ಹೋದರೆ ಮುಂದಿನ ವರ್ಷವೇ.

ಚಳ್ಳಕೆರೆ ಶೇಂಗಾ:
10 ಗಂಟೆಗೆ ಮೊದಲೇ ಹೋಗಿ ನಿಂತುಕೋ ತಮ್ಮಾ. 11ರ ಮೇಲೆ ಸರ್ವರ್ ಬಿದ್ದಿರುತ್ತೆ.